ಇನ್ಶೂರೆನ್ಸ್ ಇಲ್ಲ ಸಾರ್, ಏನ್ ಮಾಡೋದು? ಜೆರಾಕ್ಸ್ ಅಂಗಡೀಲಿ ಪದೇ ಪದೇ ಕೇಳೋ ಪ್ರಶ್ನೆಗಳು

ನಂದು ಜೆರಾಕ್ಸ್ ಅಂಗಡಿ, ಜಿಲ್ಲಾಸ್ಪತ್ರೆ ಗೇಟಿನ ಎದುರಿಗೇ, ಹದಿನಾಲ್ಕು ವರ್ಷ ಆಯ್ತು. ನಾನು ಡಾಕ್ಟರೂ ಅಲ್ಲ, ಆಫೀಸರೂ ಅಲ್ಲ, ಆದ್ರೆ ಆಸ್ಪತ್ರೆಗೆ ಬಂದೋರ ಕಾಗದ ಎಲ್ಲಾ ಒಂದ್ಸಲ ನನ್ನ ಮೆಷಿನ್ ಗಾಜಿನ ಮೇಲೆ ಮಲಗೇ ಮುಂದೆ ಹೋಗೋದು, ಹಂಗಾಗಿ ಯಾವ ಕಾಗದಕ್ಕೆ ಯಾವ ಟೇಬಲಲ್ಲಿ ಬೆಲೆ ಇದೆ ಅನ್ನೋದು ಗೊತ್ತಾಗಿಬಿಟ್ಟಿದೆ. ದಿನಾ ಅದೇ ಪ್ರಶ್ನೆ ಅದೇ ಉತ್ತರ ಹೇಳಿ ಹೇಳಿ ಗಂಟಲು ಕಟ್ಕೊಳುತ್ತೆ ಅಂತ ನಮ್ಮ ಹುಡುಗ ಹೇಳ್ದ, ಬರ್ದು ಹಾಕಣ್ಣ ಅಂತ. ಬರ್ದಿದೀನಿ. ರೂಲ್ಸ್ ಆಗಾಗ ಬದಲಾಗ್ತಾವೆ, ಹೊರಡೋಕ್ ಮುಂಚೆ ಸರ್ಕಾರದ ಆರೋಗ್ಯ ಸಹಾಯವಾಣಿ 104ಕ್ಕೆ ಒಂದು ಫೋನ್ ಹಾಕಿ ಕನ್ಫರ್ಮ್ ಮಾಡ್ಕೊಳಿ.

ನಮಗೆ ಯಾವ ಇನ್ಶೂರೆನ್ಸೂ ಇಲ್ಲ. ಎಲ್ಲಿಂದ ಶುರು ಮಾಡೋದು?

ಮೊದ್ಲು ನಿಜವಾಗ್ಲೂ ಇಲ್ವಾ ನೋಡಿ. ಇದನ್ನ ತಮಾಷೆಗೆ ಹೇಳ್ತಿಲ್ಲ, ಇಲ್ಲ ಇಲ್ಲ ಅನ್ನೋರ ಹತ್ರನೇ ನಾಲ್ಕು ಸಲ ಕೇಳಿದ್ರೆ ಏನಾದ್ರೂ ಒಂದು ಹೊರಗೆ ಬರುತ್ತೆ. ಬಿಪಿಎಲ್ ಕಾರ್ಡ್ ಇದ್ಯಾ? ಹಂಗಾದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮನೇಲಿ ಯಾರಾದ್ರೂ ಗಾರ್ಮೆಂಟ್ಸ್ ಅಥವಾ ಫ್ಯಾಕ್ಟರೀಲಿ ಕೆಲಸ ಮಾಡ್ತಾರಾ, ಸಂಬಳ ತಿಂಗಳಿಗೆ 21,000ದ ಒಳಗಾ? ಸಂಬಳದ ಚೀಟೀಲಿ ಇಎಸ್ಐ ಅಂತ ಮುಕ್ಕಾಲು ಪರ್ಸೆಂಟ್ ಹಿಡಿದಿರ್ತಾರೆ, ನೋಡಿ. ಎಷ್ಟೋ ಹೆಣ್ಮಕ್ಳು ಅದನ್ನ ಪಿಎಫ್ ಜೊತೆ ಸೇರಿಸ್ಕೊಂಡು "ಏನೋ ಕಟ್ಟಾಗುತ್ತೆ ಅಣ್ಣ" ಅಂತ ಬಿಟ್ಟಿರ್ತಾರೆ, ಅದೇ ಇಎಸ್ಐನಲ್ಲಿ ಅವ್ರಿಗೂ ಮನೆಯೋರಿಗೂ ಚಿಕಿತ್ಸೆ ಇರುತ್ತೆ. ಹಾಲಿನ ಸೊಸೈಟೀಲೋ ಪತ್ತಿನ ಸೊಸೈಟೀಲೋ ಮೆಂಬರಾ? ಯಶಸ್ವಿನಿ ಕೇಳಿ. ಅದು 2003ರಲ್ಲಿ ಸಹಕಾರಿ ರೈತರಿಗೆ ಅಂತ ಶುರುವಾಗಿ, 2018ರಲ್ಲಿ ನಿಂತುಹೋಗಿ, ಮತ್ತೆ 2023ರ ಜನವರಿಯಿಂದ ನಡೀತಿದೆ, ಹಳ್ಳಿ ಕಡೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ಪಟ್ಟಣದಲ್ಲಿ 1,000 ಅಂತ ಶುರು ಮಾಡಿದ್ರು. ಅದರ ನೋಂದಣಿಗೆ ವರ್ಷಕ್ಕೊಂದ್ಸಲ ಗಡುವು ಇರುತ್ತೆ, ಕಾಯಿಲೆ ಬಂದ್ಮೇಲೆ ಓಡಿದ್ರೆ ಬಾಗಿಲು ಹಾಕಿರುತ್ತೆ.

ಆಮೇಲೆ ಪಾಸ್‌ಬುಕ್ ತೆಗೀರಿ. ಮೇ ಕೊನೆ, ಜೂನ್ ಶುರುವಲ್ಲಿ 20 ರೂಪಾಯಿ ಕಟ್ಟಾಗಿದ್ಯಾ ನೋಡಿ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಆಕ್ಸಿಡೆಂಟಲ್ಲಿ ತೀರಿಕೊಂಡ್ರೆ 2 ಲಕ್ಷ. ಪ್ರವಾಹದಲ್ಲಿ ಕೊಚ್ಚಿಹೋದ್ರೂ, ಹಾವು ಕಚ್ಚಿದ್ರೂ ಅದರ ಲೆಕ್ಕದಲ್ಲಿ ಆಕ್ಸಿಡೆಂಟೇ. 436 ಕಟ್ಟಾಗಿದ್ರೆ ಅದು ಜೀವನ್ ಜ್ಯೋತಿ, ಯಾವ ಕಾರಣಕ್ಕೆ ಹೋದ್ರೂ 2 ಲಕ್ಷ. ಎರಡೂ ಆಸ್ಪತ್ರೆ ಖರ್ಚಿಗೆ ಬರಲ್ಲ, ಆದ್ರೆ ಮನೆಯೋರಿಗೆ ಗೊತ್ತಿರ್ಬೇಕು. ಗಂಡ ಹೋಗಿ ಎಷ್ಟೋ ತಿಂಗಳಾದ್ಮೇಲೆ ಡೆತ್ ಸರ್ಟಿಫಿಕೇಟ್ ಜೆರಾಕ್ಸ್‌ಗೆ ಬಂದೋರ ಪಾಸ್‌ಬುಕ್ಕಲ್ಲಿ ಈ 20 ರೂಪಾಯಿ ನೋಡಿ ನಾನೇ ಬ್ಯಾಂಕಿಗೆ ಕಳ್ಸಿದೀನಿ.

ಬಿಪಿಎಲ್ ಕಾರ್ಡ್ ಇದೆ, ಆದ್ರೆ ಆಯುಷ್ಮಾನ್ ಕಾರ್ಡ್ ಮಾಡ್ಸಿಲ್ಲ. ಆಗಲ್ವಾ?

ಆಗುತ್ತೆ. ರೇಷನ್ ಕಾರ್ಡ್, ಆಧಾರ್ ಎರಡೂ ಹಿಡ್ಕೊಂಡು ಹೋಗಿ. ಆಸ್ಪತ್ರೆ ಒಳಗೆ "ಆರೋಗ್ಯ ಮಿತ್ರ" ಅಂತ ಒಂದು ಕೌಂಟರ್ ಇರುತ್ತೆ, ಅಲ್ಲಿ ಕೂತಿರೋರೇ ಕಂಪ್ಯೂಟರಲ್ಲಿ ನೋಡಿ ಎಂಟ್ರಿ ಮಾಡ್ತಾರೆ. ಈ ಕೌಂಟರ್ ಹೆಸರು ನೆನಪಿಟ್ಕೊಳಿ, ಕೆಳಗೆ ಇನ್ನೂ ಹತ್ತು ಸಲ ಹೇಳ್ತೀನಿ.

ಫೋನಲ್ಲಿ ಅಭಾ ಕಾರ್ಡ್ ಮಾಡ್ಕೊಂಡಿದೀವಿ, ಅದು ಸಾಕಾ?

ಸಾಕಾಗಲ್ಲ. ಅಭಾ ಅನ್ನೋದು 14 ಅಂಕಿಯ ಒಂದು ನಂಬರ್ ಅಷ್ಟೇ, ನಿಮ್ಮ ರಿಪೋರ್ಟ್ ಎಲ್ಲಾ ಒಂದು ಕಡೆ ಜೋಡಿಸೋಕೆ. ಅದರಲ್ಲಿ ಒಂದು ರೂಪಾಯಿನೂ ಇಲ್ಲ. ಕಲರ್ ಪ್ರಿಂಟ್ ಲ್ಯಾಮಿನೇಷನ್ ಮಾಡ್ಸಿ 5 ಲಕ್ಷ ಇದೆ ಅಂತ ಧೈರ್ಯವಾಗಿ ಇರೋರು ತುಂಬಾ ಜನ. ನಾನು ಲ್ಯಾಮಿನೇಷನ್ ದುಡ್ಡು ತಗೊಳ್ಳೋ ಮುಂಚೆನೇ ಹೇಳ್ಬಿಡ್ತೀನಿ.

ನಮ್ದು ಎಪಿಎಲ್. ನಮಗೆ ಏನೂ ಇಲ್ವಾ?

ಇದೆ, ಸ್ವಲ್ಪ. ಸರ್ಕಾರ ಪ್ಯಾಕೇಜ್ ರೇಟಿನ 30 ಪರ್ಸೆಂಟ್ ಕೊಡುತ್ತೆ, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಸ್ಪತ್ರೆಯ ಬಿಲ್ಲಲ್ಲಿ 30 ಅಲ್ಲ, ಸರ್ಕಾರ ಆ ಆಪರೇಷನ್ನಿಗೆ ಗೊತ್ತು ಮಾಡಿರೋ ರೇಟಲ್ಲಿ 30. ಅಂದ್ರೆ ಪ್ಯಾಕೇಜ್ 1 ಲಕ್ಷ ಇದ್ರೆ 30 ಸಾವಿರ ಅವ್ರು, ಉಳಿದಿದ್ದು ನೀವು. ನನ್ನ ಕೇಳಿದ್ರೆ ನಿಜವಾಗ್ಲೂ ನಡುವೆ ಸಿಕ್ಕಾಕ್ಕೊಳೋರು ಇವ್ರೇ: ಒಂದೂವರೆ ಎಕರೆ ಜಮೀನು, ಒಂದು ಹಳೇ ಕಾರು, ಕಾರ್ಡ್ ಎಪಿಎಲ್, ಮೆಡಿಕ್ಲೈಮ್ ಕಟ್ಟೋಕೆ ದುಡ್ಡಿಲ್ಲ, ಧರ್ಮಕ್ಕೆ ಕೇಳೋಕೆ ಮುಖ ಇಲ್ಲ.

ರೆಫರಲ್ ಲೆಟರ್ ಅಂತ ಯಾಕೆ ಸುಮ್ನೆ ಓಡಾಡಿಸ್ತಾರೆ?

ಸ್ಕೀಮ್ ಇರೋದೇ ಹಂಗೆ. ಮೊದ್ಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದಾಗ ಅವ್ರು ಬರೆದುಕೊಡ್ತಾರೆ, ಆಗ ನೋಂದಣಿ ಆಗಿರೋ ಪ್ರೈವೇಟ್ ಆಸ್ಪತ್ರೆಗೆ ಹೋಗ್ಬೋದು. ಮೊಣಕಾಲು ನೋವಿಗೆ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದ್ರೆ ವಾಪಸ್ ಕಳಿಸ್ತಾರೆ, ಅದು ಅವ್ರ ತಪ್ಪಲ್ಲ. ಆದ್ರೆ ಎಮರ್ಜೆನ್ಸಿಗೆ ಬೇರೆ ಪಟ್ಟಿ ಇದೆ, ಹಾರ್ಟ್ ಅಟ್ಯಾಕ್, ತಲೆಗೆ ಪೆಟ್ಟು ಇಂಥಾವಕ್ಕೆ ಲೆಟರ್ ಬೇಕಿಲ್ಲ, ನೇರ ಹೋಗಿ. ಒಂದೇ ಷರತ್ತು, ಆ ಆಸ್ಪತ್ರೆ ಸ್ಕೀಮಲ್ಲಿ ಇರ್ಬೇಕು. ಆಂಬುಲೆನ್ಸ್ ಹತ್ತಿದ ತಕ್ಷಣ ಜೊತೇಲಿರೋರು ಒಬ್ಬರು 104ಕ್ಕೆ ಫೋನ್ ಮಾಡಿ "ಇಲ್ಲಿಂದ ಹತ್ತಿರ ಯಾವ ಆಸ್ಪತ್ರೆ ಇದೆ ಸ್ಕೀಮಲ್ಲಿ" ಅಂತ ಕೇಳಿದ್ರೆ ಆಯ್ತು. ಅಳ್ತಾ ಕೂರೋ ಟೈಮಲ್ಲಿ ಇದೊಂದು ಕೆಲಸ.

ಗಾಬರೀಲಿ ಅಡ್ವಾನ್ಸ್ ಕಟ್ಬಿಟ್ವಿ. ಈಗ ಕಾರ್ಡ್ ಕೊಟ್ರೆ ವಾಪಸ್ ಬರುತ್ತಾ?

ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇದು ನಮ್ಮನೇಲೇ ಆಗಿದ್ದು.

ನಮ್ಮ ಚಿಕ್ಕಪ್ಪನಿಗೆ ಒಂದು ರಾತ್ರಿ ಎದೆ ಹಿಡ್ಕೊಂತು. ನಾನು ಊರಲ್ಲಿ ಇರ್ಲಿಲ್ಲ. ಚಿಕ್ಕಮ್ಮ, ಅವ್ರ ಮಗ ಸೇರ್ಕೊಂಡು ಒಂದು ಪ್ರೈವೇಟ್ ಆಸ್ಪತ್ರೆಗೆ ಕರ್ಕೊಂಡ್ ಹೋದ್ರು, ಹೆಸರು ಬೇಡ. ಕೌಂಟರಲ್ಲಿ ಇದ್ದೋರು ಕೇಳಿದ ಮೊದಲನೇ ಮಾತು "ಕ್ಯಾಶಾ, ಇನ್ಶೂರೆನ್ಸಾ?" ಇನ್ಶೂರೆನ್ಸ್ ಇಲ್ಲ ಅಂದ ಹುಡುಗ, ಅವನಿಗೆ ಗೊತ್ತಿದ್ದ ಇನ್ಶೂರೆನ್ಸ್ ಅಂದ್ರೆ ಟೀವೀಲಿ ಬರೋದು. ಕ್ಯಾಶ್ ಅಂತ ಟಿಕ್ ಆಯ್ತು. ಚಿಕ್ಕಮ್ಮನ ಸರ ಅಡ ಇಟ್ಟು ಬೆಳಗಾಗೋದ್ರೊಳಗೆ 80 ಸಾವಿರ ಕಟ್ಟಿದ್ರು. ಮಾರನೇ ದಿನ ನಾನು ಹೋಗಿ ನೋಡ್ತೀನಿ, ಕೌಂಟರಿಂದ ಎಂಟು ಹೆಜ್ಜೆ ದೂರದಲ್ಲಿ, ನೀರಿನ ಫಿಲ್ಟರ್ ಪಕ್ಕ, ಆರೋಗ್ಯ ಮಿತ್ರ ಅಂತ ಬೋರ್ಡು. ಅದರ ಮುಂದೆ ಯಾರೋ ವೀಲ್‌ಚೇರ್ ನಿಲ್ಸಿದ್ರು, ಅರ್ಧ ಬೋರ್ಡು ಕಾಣ್ತಿರ್ಲಿಲ್ಲ. ಚಿಕ್ಕಪ್ಪಂದು ಬಿಪಿಎಲ್ ಕಾರ್ಡ್. ಸ್ಟೆಂಟ್ ಸ್ಕೀಮಲ್ಲಿ ಇದೆ. ಕೇಳಿದ್ರೆ ಆ ಹುಡುಗಿ ಪಾಪ ಒಳ್ಳೇ ಮಾತಲ್ಲೇ ಹೇಳಿದ್ಲು, "ಅಣ್ಣ, ಪ್ರೊಸೀಜರ್ ಆಗೋಕ್ ಮುಂಚೆ ಅಪ್ರೂವಲ್ ತಗೋಬೇಕಿತ್ತು, ಈಗ ಕ್ಯಾಶ್ ಪೇಶೆಂಟ್ ಅಂತ ಆಗೋಗಿದೆ."

ಈ ಸ್ಕೀಮಲ್ಲಿ ನೀವು ಕಟ್ಟಿದ ದುಡ್ಡು ಆಮೇಲೆ ನಿಮ್ಮ ಕೈಗೆ ವಾಪಸ್ ಕೊಡೋ ಏರ್ಪಾಡು ಇಲ್ಲ. ಸರ್ಕಾರ ಕೊಡೋದು ಆಸ್ಪತ್ರೆಗೆ. ಅದಕ್ಕೇ ಕೌಂಟರಲ್ಲಿ ಬಾಯಿ ಬಿಡೋ ಮೊದಲನೇ ಮಾತು ಇದಾಗಿರ್ಲಿ: "ನಮ್ಮ ಹತ್ರ ರೇಷನ್ ಕಾರ್ಡ್ ಇದೆ, ಆರೋಗ್ಯ ಮಿತ್ರ ಎಲ್ಲಿ ಕೂರ್ತಾರೆ?" ಪೇಶೆಂಟನ್ನ ಒಳಗೆ ತಗೊಂಡ್ ಹೋಗ್ಲಿ, ಚಿಕಿತ್ಸೆ ನಡೀಲಿ, ದುಡ್ಡು ಕಟ್ಟೋಕೆ ಮುಂಚೆ ಈ ಮಾತು. ಸ್ಕೀಮಲ್ಲಿ ಸೇರಿಸ್ಕೊಂಡ ಮೇಲೂ ದುಡ್ಡು ಕೇಳಿದ್ರೆ ರಸೀದಿ ಕೇಳಿ, ರಸೀದಿ ಇದ್ರೆ ಈ ಸ್ಕೀಮ್ ನಡೆಸೋ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಕಂಪ್ಲೇಂಟ್ ಕೊಡ್ಬೋದು, 1800 425 8330. ರಸೀದಿ ಇಲ್ದೆ ಬರೀ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ.

ಸರ ಇನ್ನೂ ಬಿಡಿಸ್ಕೊಂಡಿಲ್ಲ. ಚಿಕ್ಕಪ್ಪ ಆರಾಮಿದಾರೆ.

ರೋಡ್ ಆಕ್ಸಿಡೆಂಟ್ ಆದ್ರೆ?

108 ಅಥವಾ 112. ಕಾರ್ಡು ಗೀರ್ಡು ಆಮೇಲೆ. ಎಮರ್ಜೆನ್ಸೀಲಿ ಬಂದೋರನ್ನ ಯಾವ ಡಾಕ್ಟರೂ ವಾಪಸ್ ಕಳಿಸಂಗಿಲ್ಲ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ, ಪರಮಾನಂದ ಕಟಾರ ಕೇಸಲ್ಲಿ. ನಮ್ಮ ರಾಜ್ಯದಲ್ಲಿ 2016ರಲ್ಲಿ ಹರೀಶ್ ಸಾಂತ್ವನ ಯೋಜನೆ ಬಂತು, ನೆಲಮಂಗಲದ ಹತ್ರ ಲಾರಿ ಹರಿದು ದೇಹ ಎರಡು ತುಂಡಾಗಿದ್ರೂ "ನನ್ನ ಅಂಗಾಂಗ ದಾನ ಮಾಡಿ" ಅಂದ ಹುಡುಗ ಹರೀಶ್ ನಂಜಪ್ಪ, ಅವನ ಹೆಸರಲ್ಲಿ, ಮೊದಲ 48 ಗಂಟೆಗೆ 25 ಸಾವಿರದವರೆಗೆ. ಈಗ ಕೇಂದ್ರದ್ದು 2025ರ ಮೇ ತಿಂಗಳಿಂದ ಬಂದಿದೆ, ರೋಡಲ್ಲಿ ಗಾಡಿಯಿಂದ ಆದ ಆಕ್ಸಿಡೆಂಟಿಗೆ ಏಳು ದಿನ, ಒಬ್ಬರಿಗೆ ಒಂದೂವರೆ ಲಕ್ಷದವರೆಗೆ ಕ್ಯಾಶ್‌ಲೆಸ್, ಬಡವರು ಶ್ರೀಮಂತರು ಅಂತ ಭೇದ ಇಲ್ಲ. ಪೊಲೀಸ್ ಎಂಟ್ರಿ ಆಗ್ಬೇಕು, ಅದನ್ನ ತಪ್ಪಿಸೋಕೆ ಹೋಗ್ಬೇಡಿ, "ಕೇಸ್ ಯಾಕೆ, ರಾಜಿ ಮಾಡ್ಕೊಳೋಣ" ಅಂತ ಎದುರು ಪಾರ್ಟಿ ಹೇಳ್ತಾರೆ, ಐಸಿಯು ಬಿಲ್ ಬಂದಾಗ ಅವ್ರ ಫೋನ್ ಸ್ವಿಚ್ ಆಫ್ ಆಗಿರುತ್ತೆ.

ಮತ್ತೆ, ಬಿದ್ದಿರೋರನ್ನ ಎತ್ಕೊಂಡ್ ಬಂದೋರಿಗೆ ಪೊಲೀಸ್ ಕಾಟ ಇರಲ್ಲ. ಕರ್ನಾಟಕದಲ್ಲಿ ಅದಕ್ಕೆ ಪ್ರತ್ಯೇಕ ಕಾನೂನೇ ಇದೆ.

ಪೂರ್ತಿ ಧರ್ಮಕ್ಕೆ ನೋಡೋ ಆಸ್ಪತ್ರೆ ಎಲ್ಲಿದೆ?

ಮೊದಲನೇದು ಎಲ್ರಿಗೂ ಗೊತ್ತಿರೋದು, ಬೆಂಗಳೂರು ವೈಟ್‌ಫೀಲ್ಡಿನ ಸತ್ಯ ಸಾಯಿ ಆಸ್ಪತ್ರೆ. 2001ರ ಜನವರೀಲಿ ಶುರುವಾಯ್ತು, ಅಲ್ಲಿ ಬಿಲ್ಲಿಂಗ್ ಕೌಂಟರೇ ಇಲ್ಲ. ಕಾರ್ಡೂ ಕೇಳಲ್ಲ ಜಾತಿನೂ ಕೇಳಲ್ಲ. ಹೃದಯ, ಮೆದುಳು, ನರದ್ದು ದೊಡ್ಡ ಆಪರೇಷನ್ ಅಲ್ಲಿಯ ಮುಖ್ಯ ಕೆಲಸ, ಎಲ್ಲಾ ಕಾಯಿಲೆಗೂ ಅಲ್ಲ. ಬೆಳಗಿನ ಜಾವ ಹೋಗಿ ಸಾಲಲ್ಲಿ ನಿಲ್ಬೇಕು, ಹಳೇ ರಿಪೋರ್ಟ್ ಎಲ್ಲಾ ಇರ್ಬೇಕು, ಡೇಟ್ ಸಿಗೋಕೆ ಕಾಯ್ಬೇಕಾಗ್ಬೋದು. ಕಾಯೋಕಾಗುತ್ತಾ ಇಲ್ವಾ ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರ ಕೇಳ್ಕೊಂಡೇ ಹೊರಡಿ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿ ಹತ್ರ ಸತ್ಯ ಸಾಯಿ ಗ್ರಾಮದಲ್ಲೂ ಉಚಿತ ಆಸ್ಪತ್ರೆ ಇದೆ, 2023ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜೂ ಶುರುವಾಯ್ತು.

ಕ್ಯಾನ್ಸರಿಗೆ ಕಿದ್ವಾಯಿ, ಹಾರ್ಟಿಗೆ ಜಯದೇವ, ತಲೆಗೆ ನಿಮ್ಹಾನ್ಸ್. ಇವು ಧರ್ಮಾಸ್ಪತ್ರೆ ಅಲ್ಲ, ಸರ್ಕಾರದ್ದು, ಆದ್ರೆ ಬಿಪಿಎಲ್ಲಿಗೆ ಸ್ಕೀಮಲ್ಲೇ ಆಗುತ್ತೆ, ಉಳಿದೋರಿಗೆ ಪ್ರೈವೇಟಿಗಿಂತ ಎಷ್ಟೋ ಕಮ್ಮಿ. ಎಚ್.ಡಿ. ಕೋಟೆ, ಸರಗೂರು ಕಡೆಯೋರಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆ ಇದೆ, 1984ರಲ್ಲಿ ಮೈಸೂರಿನ ಮೆಡಿಕಲ್ ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆ, ಕಾಡಂಚಿನ ಹಾಡಿ ಜನರಿಗಾಗಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವ್ರು 1981ರಿಂದ ಸೋಲಿಗರ ಮಧ್ಯೆ ಮಾಡಿದ ಕೆಲಸ ನಿಮಗೆ ಗೊತ್ತಿರುತ್ತೆ. ಕರಾವಳಿ ಕಡೆ ಪ್ರೈವೇಟ್ ಮೆಡಿಕಲ್ ಕಾಲೇಜಿನ ಜನರಲ್ ವಾರ್ಡಲ್ಲಿ ಬೆಡ್ಡಿಗೆ ತುಂಬಾ ಕಮ್ಮಿ, ಕೇಳಿ ನೋಡಿ. ಮಣಿಪಾಲ್ ಆರೋಗ್ಯ ಕಾರ್ಡ್ ಅನ್ನೋದು ರಿಯಾಯಿತಿ ಕಾರ್ಡ್, ಅದನ್ನ ಇನ್ಶೂರೆನ್ಸ್ ಅಂದ್ಕೋಬೇಡಿ.

ಡಯಾಲಿಸಿಸ್ಸಿಗೆ ಜಿಲ್ಲೆ ದಾಟಿ ಹೋಗೋದೇ ಬೇಡ, ತಾಲ್ಲೂಕು ಆಸ್ಪತ್ರೆಗಳಲ್ಲೇ ಮಾಡ್ತಾರೆ. ಪಾಳಿ ಸಿಗ್ಬೇಕು ಅಷ್ಟೇ.

ಫ್ರೀ ಕ್ಯಾಂಪ್ ಅಂತ ಮೈಕಲ್ಲಿ ಕೂಗ್ತಾರಲ್ಲ, ನಂಬ್ಬೋದಾ?

ಕಣ್ಣಿನ ಕ್ಯಾಂಪಿಗೆ ನಮ್ಮ ನಾಡಲ್ಲಿ ಒಳ್ಳೇ ಹೆಸರಿದೆ, ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಾಲೆ, ಛತ್ರದಲ್ಲೇ ಪೊರೆ ಆಪರೇಷನ್ ಮಾಡ್ತಿದ್ರು, ನಮ್ಮಜ್ಜಿ ಕಾಲದೋರು ಆ ಹೆಸರು ಹೇಳಿದ್ರೆ ಈಗ್ಲೂ ಕೈ ಮುಗೀತಾರೆ. ಈಗ ಬರೋ ಎಲ್ಲಾ ಕ್ಯಾಂಪೂ ಹಂಗಲ್ಲ. ಬಿಪಿ, ಶುಗರ್ ಫ್ರೀಯಾಗಿ ನೋಡಿ, ಇಸಿಜೀಲಿ "ಸ್ವಲ್ಪ ಡೌಟಿದೆ, ನಾಳೆ ನಮ್ಮ ಆಸ್ಪತ್ರೆಗೆ ಬನ್ನಿ" ಅನ್ನೋದು ಒಂದು ದಾರಿ. ಹೋಗ್ಬೇಡಿ ಅಂತಲ್ಲ, ಆ ಇಸಿಜಿ ತಗೊಂಡು ಎದುರುಗಡೆ ಸರ್ಕಾರಿ ಆಸ್ಪತ್ರೇಲಿ ಐದು ನಿಮಿಷ ತೋರ್ಸಿ, ಆಮೇಲೆ ಬಸ್ ಹತ್ತಿ.

ಸಿಎಂ ಫಂಡ್, ಪಿಎಂ ಫಂಡ್ ಹೆಂಗೆ?

ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಆಸ್ಪತ್ರೆಯ ಬಿಲ್ ಅಥವಾ ಎಸ್ಟಿಮೇಟ್, ಡಿಸ್ಚಾರ್ಜ್ ಸಮ್ಮರಿ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಹಾಕಿ ಅರ್ಜಿ ಕೊಡೋದು. ಬಿಲ್ಲಿನ ಪೂರ್ತಿ ಮೊತ್ತ ಬರುತ್ತೆ ಅಂತ ಯಾರಿಗೂ ಹೇಳ್ಬೇಡಿ, ಒಂದು ಭಾಗ ಬರುತ್ತೆ, ಟೈಮ್ ಹಿಡಿಯುತ್ತೆ. ಒರಿಜಿನಲ್ ಬಿಲ್ ಕೊಡೋ ಮುಂಚೆ ಒಂದು ಸೆಟ್ ಜೆರಾಕ್ಸ್ ಇಟ್ಕೊಳಿ, ನನ್ನ ಅಂಗಡೀಲೇ ಮಾಡ್ಸಿ ಅಂತಲ್ಲ, ಎಲ್ಲಾದ್ರೂ ಮಾಡ್ಸಿ.

ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಬೇರೆ. ಅದು 1948ರ ಜನವರೀಲಿ, ದೇಶ ಇಬ್ಭಾಗ ಆಗಿ ಆ ಕಡೆಯಿಂದ ಬಂದ ನಿರಾಶ್ರಿತರಿಗೆ ಅಂತ ನೆಹರೂ ಶುರು ಮಾಡಿದ್ದು, ಪೂರ್ತಿ ಜನ ಕೊಟ್ಟ ದುಡ್ಡು, ಬಜೆಟ್ಟಿಂದ ಒಂದು ಪೈಸೆ ಇಲ್ಲ. ಈಗ ಪ್ರವಾಹ, ಭೂಕಂಪದ ಜೊತೆ ಹಾರ್ಟ್ ಆಪರೇಷನ್, ಕಿಡ್ನಿ ಬದಲಿಸೋದು, ಕ್ಯಾನ್ಸರಿಗೂ ಕೊಡ್ತಾರೆ. ಇಲ್ಲೂ ಅದೇ ಕಥೆ, ಚಿಕಿತ್ಸೆಗೆ ಮುಂಚೆ ಎಸ್ಟಿಮೇಟ್ ಹಾಕಿ ಅರ್ಜಿ ಹೋಗ್ಬೇಕು, ದುಡ್ಡು ಆಸ್ಪತ್ರೆಗೆ ಹೋಗುತ್ತೆ, ನೀವು ಖರ್ಚು ಮಾಡಿ ಮುಗಿಸಿದ್ದಕ್ಕೆ ಇಲ್ಲ. ಸಂಸದರ ಆಫೀಸಲ್ಲಿ ಕೇಳಿದ್ರೆ ಫಾರಂ ತುಂಬೋಕೆ ಜನ ಇರ್ತಾರೆ.

ಆನ್‌ಲೈನಲ್ಲಿ ದುಡ್ಡು ಎತ್ತೋದು ಸರೀನಾ?

ಸರಿ, ಬೇರೆ ದಾರಿ ಇಲ್ದಾಗ. ಮಿಲಾಪ್, ಕೆಟ್ಟೋ ತರದ್ದು ಇವೆ, ಆಸ್ಪತ್ರೆಯ ಎಸ್ಟಿಮೇಟ್ ನೋಡಿ ಹಾಕ್ತಾರೆ. ವಾಟ್ಸಾಪಲ್ಲಿ ಮಗು ಫೋಟೋ, ಕೆಳಗೆ ಒಂದು ಫೋನ್‌ಪೇ ನಂಬರ್ ಬಂದ್ರೆ ನಾನು ಕಳ್ಸಲ್ಲ. ಅದೇ ಫೋಟೋ ಮೂರು ವರ್ಷದಿಂದ ಓಡಾಡ್ತಿರುತ್ತೆ, ನಂಬರ್ ಮಾತ್ರ ಬದಲಾಗಿರುತ್ತೆ. ಕೊಡೋ ಮನಸ್ಸಿದ್ರೆ ಆಸ್ಪತ್ರೆಗೆ ಫೋನ್ ಮಾಡಿ ಪೇಶೆಂಟಿನ ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡೋ ನಂಬರ್) ಹೇಳಿ, ಆಸ್ಪತ್ರೆ ಅಕೌಂಟಿಗೇ ಹಾಕಿ. ಮತ್ತೆ ಒಬ್ಬ ಪೇಶೆಂಟಿಗೆ ನೇರವಾಗಿ ಕೊಟ್ಟಿದ್ದಕ್ಕೆ 80ಜಿ ಟ್ಯಾಕ್ಸ್ ವಿನಾಯಿತಿ ಸಿಗಲ್ಲ, ಅದು ನೋಂದಣಿ ಆದ ಟ್ರಸ್ಟಿಗೆ ಕೊಟ್ರೆ ಮಾತ್ರ.

ಪ್ರವಾಹದಲ್ಲಿ ಗಾಯ ಆಯ್ತು, ಮನೆ ಬಿತ್ತು. ಸರ್ಕಾರ ಎಷ್ಟು ಕೊಡುತ್ತೆ?

ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಒಂದು ರೇಟ್ ಕಾರ್ಡ್ ಮಾಡಿರುತ್ತೆ. 2022ರಿಂದ 2026ರ ರೇಟು ಹೇಳ್ತೀನಿ. ಜೀವ ಹೋದ್ರೆ ಮನೆಯೋರಿಗೆ 4 ಲಕ್ಷ. ಜೋರು ಗಾಯವಾಗಿ ಒಂದು ವಾರಕ್ಕಿಂತ ಜಾಸ್ತಿ ಆಸ್ಪತ್ರೇಲಿದ್ರೆ 16,000, ಒಂದು ವಾರದೊಳಗೆ ಆದ್ರೆ 5,400. ಇದರಲ್ಲೊಂದು ಕೊಕ್ಕೆ ಇದೆ, ಆಯುಷ್ಮಾನಲ್ಲಿ ಚಿಕಿತ್ಸೆ ಆದೋರಿಗೆ ಈ ಗಾಯದ ದುಡ್ಡು ಇಲ್ಲ. ಹಂಗಂತ 5,400ರ ಆಸೆಗೆ ಆಯುಷ್ಮಾನ್ ಬಿಡ್ಬೇಡಿ, ಒಂದು ಕಾಲು ಮುರಿದ ಆಪರೇಷನ್ನಿಗೆ ಆಗೋ ಖರ್ಚೆಷ್ಟು ಲೆಕ್ಕ ಹಾಕಿ. ಕರೆಯೋ ಎಮ್ಮೆ, ಹಸು ಹೋದ್ರೆ 37,500. ಬಟ್ಟೆಗೆ 2,500, ಪಾತ್ರೆಗೆ 2,500. ಪೂರ್ತಿ ಬಿದ್ದ ಮನೆಗೆ ಬಯಲುಸೀಮೇಲಿ 1 ಲಕ್ಷ 20 ಸಾವಿರ, ಗುಡ್ಡಗಾಡಲ್ಲಿ 1 ಲಕ್ಷ 30. ಇದರ ಮೇಲೆ ರಾಜ್ಯ ಸೇರಿಸಿದ್ರೆ ಉಂಟು, ಇಲ್ದಿದ್ರೆ ಇಲ್ಲ. 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮೂರೂ ಉಕ್ಕಿದಾಗ ಪೂರ್ತಿ ಹೋದ ಮನೆಗೆ 5 ಲಕ್ಷ ಅಂತ ಮಾಡಿದ್ರು, ಅದನ್ನೇ ಹಿಡ್ಕೊಂಡು ಈಗ್ಲೂ 5 ಲಕ್ಷ ಬರುತ್ತೆ ಅಂತ ಕಾಯೋರಿದಾರೆ. ಆ ವರ್ಷದ ಆದೇಶ ಏನಿದೆ ಕೇಳಿ.

ದುಡ್ಡು ನಿಲ್ಲೋದು ಸಾಮಾನ್ಯವಾಗಿ ಎರಡು ಕಡೆ. ಒಂದು, ಗ್ರಾಮ ಆಡಳಿತ ಅಧಿಕಾರಿ ಮಹಜರು ಮಾಡೋಕೆ ಬರೋ ಮುಂಚೆನೇ ಗೋಡೆ ಮಣ್ಣೆಲ್ಲಾ ತೆಗೆದು ಕ್ಲೀನ್ ಮಾಡಿರ್ತಾರೆ. ಫೋಟೋ ತೆಗೀದೆ ಒಂದು ಇಟ್ಟಿಗೆನೂ ಎತ್ಬೇಡಿ, ನಾಲ್ಕು ಕಡೆಯಿಂದ ತೆಗೀರಿ, ಒಂದರಲ್ಲಿ ಮನೆಯೋರು ನಿಂತಿರ್ಲಿ. ಇನ್ನೊಂದು, ತೀರಿಕೊಂಡೋರ ಪೋಸ್ಟ್‌ಮಾರ್ಟಮ್. "ಬಾಡಿ ಕೊಯ್ಯೋದು ಬೇಡ" ಅಂತ ಹಂಗೇ ಮಣ್ಣು ಮಾಡಿದ್ರೆ 4 ಲಕ್ಷಕ್ಕೂ ಬ್ಯಾಂಕಿನ 2 ಲಕ್ಷಕ್ಕೂ ಓಡಾಟ ಶುರು. ಆ ಹೊತ್ತಲ್ಲಿ ಇದನ್ನ ಹೇಳೋದು ಕಷ್ಟ, ಬೈಸ್ಕೊಂಡಿದೀನಿ, ಆದ್ರೂ ಯಾರಾದ್ರೂ ಒಬ್ಬರು ಹೇಳ್ಲೇಬೇಕು.

ರೇಷನ್ ಕಾರ್ಡ್, ಆಧಾರ್ ಎಲ್ಲಾ ನೀರಲ್ಲಿ ಹೋಯ್ತು. ಈಗ ಆಸ್ಪತ್ರೇಲಿ ಏನ್ ತೋರ್ಸೋದು?

ಬೆರಳು, ಅಂದ್ರೆ ಬೆರಳಚ್ಚು. ಆಧಾರ್ ನಂಬರ್ ನೆನಪಿದ್ರೆ ರೇಷನ್ ಕಾರ್ಡ್ ನಂಬರ್ ಕಂಪ್ಯೂಟರಲ್ಲಿ ಸಿಗುತ್ತೆ. ಆಧಾರ್ ನಂಬರೂ ನೆನಪಿಲ್ಲ ಅಂದ್ರೆ ನಿಮ್ಮ ರೇಷನ್ ಅಂಗಡಿಯೋರ ಹತ್ರ, ಬ್ಯಾಂಕಲ್ಲಿ, ಮಕ್ಕಳ ಶಾಲೇಲಿ ಜೆರಾಕ್ಸ್ ಇದ್ದೇ ಇರುತ್ತೆ. ಗ್ರಾಮ ಒನ್, ನಾಡಕಚೇರೀಲಿ ಮತ್ತೆ ಪ್ರಿಂಟ್ ತಗೋಬೋದು.

2019ರ ಆಗಸ್ಟಲ್ಲಿ ನಾವು ಆರು ಜನ ಟೆಂಪೋ ಮಾಡ್ಕೊಂಡು ಮುಧೋಳದ ಕಡೆ ಹೋಗಿದ್ವಿ, ಅಕ್ಕಿ, ಚಾಪೆ ತಗೊಂಡು. ಶಾಲೇಲಿದ್ದ ಕಾಳಜಿ ಕೇಂದ್ರ, ಆಗಿನ್ನೂ ಗಂಜಿ ಕೇಂದ್ರ ಅಂತಿದ್ರು. ಒಬ್ಬ ಅಜ್ಜಿ ಟ್ರಂಕ್ ಬಿಚ್ಚಿ ಕೂತಿತ್ತು. ರೇಷನ್ ಕಾರ್ಡು, ಪಟ್ಟಾ, ಮೊಮ್ಮಗನ ಮಾರ್ಕ್ಸ್ ಕಾರ್ಡು ಎಲ್ಲಾ ಒಂದಕ್ಕೊಂದು ಅಂಟಿ ಹಪ್ಪಳದ ಹಿಟ್ಟಿನಂಗೆ ಆಗಿತ್ತು. "ಕಾರ್ಡ್ ಹ್ವಾತ್ರಿ, ಜ್ವಾಳ ಹ್ವಾತು, ಎಮ್ಮಿ ಹ್ವಾತು, ಗುಳಿಗಿ ಚೀಟಿ ಒಂದ್ ಉಳದೈತಿ ನೋಡ್ರಿ" ಅಂತ ಸೆರಗಿನ ಗಂಟು ಬಿಚ್ಚಿ ತೋರ್ಸಿತು. ಬಿಪಿ ಮಾತ್ರೆ ಚೀಟಿ, ಪ್ಲಾಸ್ಟಿಕ್ ಹಾಲಿನ ಕವರಲ್ಲಿ ಮಡಚಿ ಇಟ್ಟಿತ್ತು, ಅದಕ್ಕೇ ಉಳಿದಿದ್ದು. ಆ ಚೀಟಿ ಮೇಲೆ ಪಿಎಚ್‌ಸಿ ಸೀಲು, ಹೆಸರು, ಊರು ಎಲ್ಲಾ ಇತ್ತು, ಕೇಂದ್ರದ ನರ್ಸಮ್ಮ ಅದನ್ನ ನೋಡೇ ಮಾತ್ರೆ ಕೊಟ್ರು. ಅವತ್ತಿಂದ ನಮ್ಮ ಅಂಗಡೀಲಿ ಯಾರೇ ರೇಷನ್ ಕಾರ್ಡ್ ಜೆರಾಕ್ಸಿಗೆ ಬಂದ್ರೂ ಒಂದು ಜಿಪ್ ಕವರ್ ಕೊಡ್ತೀನಿ.

ಕಾಳಜಿ ಕೇಂದ್ರದಲ್ಲಿ ದಿನಾ ತಗೊಳೋ ಮಾತ್ರೆ, ಇನ್ಸುಲಿನ್ ಹೆಂಗೆ?

ಬಿಪಿ, ಶುಗರ್ ಮಾತ್ರೆ ಪಿಎಚ್‌ಸೀಲಿ ಫ್ರೀ, ಕೇಂದ್ರಕ್ಕೇ ತಂದು ಕೊಡ್ತಾರೆ, ಕೇಳ್ಬೇಕು ಅಷ್ಟೇ. ನಾಚಿಕೆ ಪಟ್ಕೊಂಡು ನಾಲ್ಕು ದಿನ ಮಾತ್ರೆ ಬಿಟ್ಟು ಐದನೇ ದಿನ ಬೀಳೋರೇ ಜಾಸ್ತಿ. ಇನ್ಸುಲಿನ್ ಇಡೋಕೆ ಫ್ರಿಜ್ ಇಲ್ದಿದ್ರೆ ಒಂದು ಮಣ್ಣಿನ ಕುಡಿಕೆ, ಅದನ್ನ ಒದ್ದೆ ಮರಳು ಇರೋ ದೊಡ್ಡ ಮಡಕೇಲಿ ಇಡಿ, ನೆರಳಲ್ಲಿ, ಬಾಟಲಿಗೆ ನೀರು ತಾಗದಂಗೆ. ಟಿಬಿ ಮಾತ್ರೆ ತಪ್ಪಿಸಲೇಬಾರ್ದು, ನಿಮ್ಮ ನಿಕ್ಷಯ್ ನಂಬರ್ (ಟಿಬಿ ಪೇಶೆಂಟಿಗೆ ಸರ್ಕಾರ ಕೊಡೋ ನೋಂದಣಿ ನಂಬರ್) ಹೇಳಿದ್ರೆ ಯಾವ ಸರ್ಕಾರಿ ಆಸ್ಪತ್ರೇಲಾದ್ರೂ ಕೊಡ್ತಾರೆ. ಡಯಾಲಿಸಿಸ್ ಇರೋರು, ದಿನ ತುಂಬಿದ ಬಸುರಿಯರು ನೀರು ಏರೋ ಮುಂಚೆನೇ ಹೊರಡಿ, ಮನೇಲಿ ಇಂಥೋರು ಇದಾರೆ ಅಂತ ಆಶಾ ಕಾರ್ಯಕರ್ತೆಗೆ, ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಮುಂಚೆನೇ ತಿಳಿಸಿಡಿ. ನೀರಿಳಿದ ಮೇಲೆ ಬರಿಗಾಲಲ್ಲಿ ಕೆಸರು ತುಳಿದು ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದ್ರೆ ಇಲಿ ಜ್ವರ ಇರ್ಬೋದು, ಮೆಡಿಕಲ್ ಶಾಪಿಂದ ಜ್ವರದ ಮಾತ್ರೆ ನುಂಗಿ ಮಲಗ್ಬೇಡಿ, ತೋರ್ಸಿ.

ನಾವು ಏನಾದ್ರೂ ಕಳ್ಸೋಣ ಅಂತ. ಹಳೇ ಬಟ್ಟೆ ತಗೊಳ್ತಾರಾ?

ದಯವಿಟ್ಟು ಬೇಡ. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ಮಡಿಕೇರಿಗೆ ಹೋಗಿದ್ದಾಗ ನೋಡಿದ್ದು, ಹಳೇ ಬಟ್ಟೆ ರಾಶಿ ಮಳೇಲಿ ನೆಂದು ವಾಸನೆ ಬರ್ತಿತ್ತು, ಅದರಲ್ಲಿ ಮದುವೆ ಶೇರ್ವಾನಿ ಬೇರೆ. ಎಸ್ಟೇಟ್ ಲೈನಿನ ಹೆಂಗಸರು ಕೇಳ್ತಿದ್ದದ್ದು ಒಳ ಉಡುಪು, ಪ್ಯಾಡು, ಮಕ್ಕಳಿಗೆ ಸ್ವೆಟರ್, ಚಪ್ಪಲಿ. ಹೊಸದು, ಸೈಜ್ ಬರೆದು ಕಳ್ಸಿ. ಟಾರ್ಪಲ್, ಬಕೆಟ್, ಸೊಳ್ಳೆ ಬತ್ತಿ, ಟಾರ್ಚು, ಓದೋ ಕನ್ನಡಕ (ಇದು ಯಾರಿಗೂ ಹೊಳೆಯಲ್ಲ, ಕನ್ನಡಕ ಕಳ್ಕೊಂಡೋರಿಗೆ ಫಾರಂ ಓದೋಕೇ ಆಗ್ತಿರ್ಲಿಲ್ಲ). ಮನೇಲಿ ಉಳಿದ ಅರ್ಧ ಸ್ಟ್ರಿಪ್ ಮಾತ್ರೆ ಕಳ್ಸಲೇಬೇಡಿ, ಹೆಸರು, ಎಕ್ಸ್‌ಪೈರಿ ಹರಿದುಹೋಗಿರುತ್ತೆ, ಅದನ್ನ ವಿಂಗಡಿಸೋಕೆ ಇಬ್ಬರು ಫಾರ್ಮಸಿಸ್ಟ್ ಕೂರ್ಬೇಕು.

ಬೆಂಗಳೂರಲ್ಲಿ ಚಿಕಿತ್ಸೆ ಫ್ರೀ ಆಯ್ತು, ಜೊತೇಲಿರೋರು ಎಲ್ಲಿ ಇರೋದು?

ಕಿದ್ವಾಯಿ, ನಿಮ್ಹಾನ್ಸಲ್ಲಿ ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿರೋ ಧರ್ಮಶಾಲೆ ಇದೆ, ಅಡ್ಮಿಷನ್ ಚೀಟಿ ತೋರ್ಸಿ ಕೇಳಿ. ಔಷಧಿ ಹೊರಗೆ ಬರೆದುಕೊಟ್ರೆ ಜನೌಷಧಿ ಕೇಂದ್ರದಲ್ಲಿ ಮೊದ್ಲು ವಿಚಾರಿಸಿ, ಬ್ರಾಂಡ್ ಹೆಸರು ಬರೆದಿದ್ರೆ ಒಳಗಿರೋ ಔಷಧಿ ಹೆಸರು ಡಾಕ್ಟರ್ ಹತ್ರ ಬರೆಸ್ಕೊಳಿ.

ನಾವು ಕನ್ನಡದೋರು, ಆದ್ರೆ ಮುಂಬೈಲಿ ಹೋಟೆಲ್ ಕೆಲಸ. ಅಲ್ಲಿ?

ಮಹಾರಾಷ್ಟ್ರದಲ್ಲಿ ಟ್ರಸ್ಟ್ ಆಸ್ಪತ್ರೆಗಳು 10 ಪರ್ಸೆಂಟ್ ಬೆಡ್ ಕಡುಬಡವರಿಗೆ ಉಚಿತ, ಇನ್ನೊಂದು 10 ಪರ್ಸೆಂಟ್ ರಿಯಾಯಿತಿಗೆ ಇಡ್ಬೇಕು ಅಂತ ಕಾನೂನೇ ಇದೆ. ಥಳಥಳ ಅನ್ನೋ ದೊಡ್ಡಾಸ್ಪತ್ರೆ ನೋಡಿ ಹೆದರ್ಬೇಡಿ, ಅದೂ ಚ್ಯಾರಿಟಿ ಆಸ್ಪತ್ರೆನೇ ಇರ್ಬೋದು, ಒಳಗೆ ಹೋಗಿ ಸೋಶಿಯಲ್ ವರ್ಕರ್ ಎಲ್ಲಿ ಕೂರ್ತಾರೆ ಅಂತ ಕೇಳಿ. ಆದಾಯದ ಸರ್ಟಿಫಿಕೇಟ್ ಇಲ್ಲಾಂದ್ರೆ ರೇಷನ್ ಕಾರ್ಡ್ ಬೇಕಾಗುತ್ತೆ. ಆಯುಷ್ಮಾನ್ ಲಿಸ್ಟಲ್ಲಿರೋ ಕುಟುಂಬ ಆದ್ರೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೇಲೂ ನಡೆಯುತ್ತೆ, ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕೇಳಿ. ಎಪಿಎಲ್ಲಿನ 30 ಪರ್ಸೆಂಟ್ ಮಾತ್ರ ಕರ್ನಾಟಕದ ಆಚೆ ಇಲ್ಲ.

ಬಿಲ್ ಕಟ್ಟೋವರೆಗೂ ಬಾಡಿ ಕೊಡಲ್ಲ ಅಂತಿದಾರೆ.

ಹಂಗೆ ತಡೆದಿಟ್ಕೊಳಂಗಿಲ್ಲ, ಖಾಸಗಿ ಆಸ್ಪತ್ರೆ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡೀಲಿ ಇದೆ. ಜಗಳ ಆಡ್ಬೇಡಿ, ಗಾಜು ಒಡೀಬೇಡಿ, ಆಮೇಲೆ ನಿಮ್ಮ ಮೇಲೇ ಕೇಸ್ ಆಗುತ್ತೆ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿಗೆ, ಡಿಸಿ ಆಫೀಸಿಗೆ ಫೋನ್ ಮಾಡಿ, ದೂರು ಕೇಳೋ ಜಿಲ್ಲಾ ಸಮಿತಿಗೆ ಡಿಸಿನೇ ಅಧ್ಯಕ್ಷರು. ಬಾಕಿ ದುಡ್ಡಿಗೆ ಅವ್ರು ಬೇರೆ ದಾರಿ ನೋಡ್ಕೊಳ್ಲಿ.

ಒಬ್ಬರು ಐದು ಸಾವಿರ ಕೊಡಿ, ಆಯುಷ್ಮಾನಲ್ಲಿ ಮಾಡಿಸಿಕೊಡ್ತೀನಿ ಅಂತಾರೆ.

ಕೊಡ್ಬೇಡಿ. ಆರೋಗ್ಯ ಮಿತ್ರರಿಗೆ ಫೀಸಿಲ್ಲ, ಅರ್ಜಿಗೆ ಫೀಸಿಲ್ಲ. ಇಂಥೋರು ನನ್ನ ಅಂಗಡಿ ಮುಂದೆನೇ ನಿಂತಿರ್ತಾರೆ, ಕಂಕುಳಲ್ಲಿ ಫೈಲು. ಒಬ್ಬನ್ನ ಕೇಳಿದೆ, ನೀನು ಮಾಡೋದೇನಪ್ಪ ಅಂತ. "ಕೌಂಟರ್ ತೋರಿಸ್ತೀನಿ ಅಣ್ಣ" ಅಂದ.

ಹಂಗಾದ್ರೆ ಏನೇನು ಜೆರಾಕ್ಸ್ ಬೇಕು?

ರೇಷನ್ ಕಾರ್ಡ್ ಎರಡೂ ಕಡೆ 3, ಮನೆಯೋರೆಲ್ಲರ ಆಧಾರ್ 2, ಪಾಸ್‌ಬುಕ್ ಮೊದಲನೇ ಪುಟ 2, ಹಳೇ ರಿಪೋರ್ಟ್ ಒಂದೊಂದು, ಪಾಸ್‌ಪೋರ್ಟ್ ಫೋಟೋ 4. ಎಕ್ಸ್‌ರೇ ಜೆರಾಕ್ಸ್ ಆಗಲ್ಲ, ಕಿಟಕಿ ಬೆಳಕಿಗೆ ಹಿಡಿದು ಫೋನಲ್ಲಿ ಫೋಟೋ ತೆಗೀರಿ. ಪ್ರವಾಹದ ಕೇಸಿಗೆ ಮಾಡಿಸ್ಕೊಳೋರಿಗೆ ನಾನು ದುಡ್ಡು ತಗೊಳಲ್ಲ. ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆಗೀತೀನಿ, ಭಾನುವಾರ ಮಧ್ಯಾಹ್ನದವರೆಗೆ, ಕರೆಂಟ್ ಹೋದ್ರೆ ಪಕ್ಕದ ಟೀ ಅಂಗಡೀಲಿ ಕೂತಿರ್ತೀನಿ.